ಕಾಡುದಾರಿಗೆ ನ್ಯಾನೊ ಬೇಡ, ರೇಲಿಂಗ್‌ಗೆ ನೋಡೋಣ

ಪ್ರಶ್ನೆ: ನಾವು ಸಿಯಾಟಲ್ ಹತ್ತಿರ ಇದ್ದೇವೆ. ಎಂಟು ವರ್ಷದ ಮಗಳ ಜೊತೆ ಶನಿವಾರ, ಭಾನುವಾರ ಜಿಯೋಕ್ಯಾಶ್ ಹುಡುಕುತ್ತಾ ತಿರುಗುತ್ತೇವೆ. ಈಗ ನಮ್ಮದೇ ಒಂದು ಡಬ್ಬಿ ಅಡಗಿಸಿಡಬೇಕು ಅಂತ ಅವಳ ಹಟ. ಎರಡು ಜಾಗ ನೋಡಿದ್ದೇವೆ. ಒಂದು, ಮನೆ ಪಕ್ಕದ ಪಾರ್ಕಿನ ಕಾಡುದಾರಿ. ಇನ್ನೊಂದು, ಕೆರೆ ಅಂಚಿನ ಲೋಹದ ರೇಲಿಂಗ್. ಬೆರಳ ತುದಿಯಷ್ಟೇ ಇರುವ ಆಯಸ್ಕಾಂತದ ಡಬ್ಬಿಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿವೆ. ತಗೊಳ್ಳಬಹುದಾ? ನಮಗೆ ಸಿಕ್ಕ ಸಣ್ಣ ಡಬ್ಬಿಗಳಲ್ಲಿ ಹೆಚ್ಚಿನವುಗಳ ಕಾಗದ ಒದ್ದೆಯಾಗಿ ಮುದ್ದೆ ಆಗಿರುತ್ತದೆ. ಇದನ್ನು ತಪ್ಪಿಸುವುದು ಹೇಗೆ? ಬೇಸಿಗೆ ರಜೆಗೆ ಮೈಸೂರಿಗೆ ಹೋಗುತ್ತೇವೆ, ಅಲ್ಲೂ ಒಂದು ಇಟ್ಟು ಬರಬಹುದಾ?

ಉತ್ತರ: ಮೊದಲು ಕಾಡುದಾರಿಯ ಮಾತು. ಅಲ್ಲಿ ಬೆರಳ ತುದಿಯ ಡಬ್ಬಿ ಖಂಡಿತ ಬೇಡ. ರೇಲಿಂಗ್‌ಗೆ ಆಗಬಹುದು, ಆದರೆ ಅಲ್ಲೂ ಅದಕ್ಕಿಂತ ಒಳ್ಳೆಯ ದಾರಿ ಇದೆ. ಮೈಸೂರಿನ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಕಾಗದದಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಆ ಡಬ್ಬಿಗೆ ಜಿಯೋಕ್ಯಾಶ್ ಅಥವಾ ಬರೀ ಕ್ಯಾಶ್ ಅನ್ನುತ್ತಾರೆ, ಕಾಗದಕ್ಕೆ ಲಾಗ್ ಅನ್ನುತ್ತಾರೆ. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ ಮೊದಲ ವಾರ ನಿಲ್ಲಿಸಿತು. ಅದರ ಬೆನ್ನಲ್ಲೇ, ಮೇ 3ರಂದು, ಡೇವ್ ಅಲ್ಮರ್ ಎನ್ನುವವರು ಆರೆಗಾನ್‌ನ ಬೀವರ್‌ಕ್ರೀಕ್ ಹತ್ತಿರ ಮೊದಲ ಡಬ್ಬಿ ಇಟ್ಟರು. ಡಬ್ಬಿ ಅಂದರೆ ಐದು ಗ್ಯಾಲನ್ ಬಕೆಟ್, ಹತ್ತಿರ ಹತ್ತಿರ 19 ಲೀಟರ್! ಅದನ್ನು ಅರ್ಧ ನೆಲದಲ್ಲಿ ಹೂತಿದ್ದರು. ಈಗಿನ ನಿಯಮದಲ್ಲಿ ಹಾಗೆ ನೆಲ ಅಗೆಯುವಂತಿಲ್ಲ. ಬಕೆಟ್‌ನಿಂದ ಶುರುವಾದ ಆಟ ಬೆರಳ ತುದಿಗೆ ಬಂದು ನಿಂತಿದೆ. ಇಳಿದದ್ದು ಸ್ವಲ್ಪ ಜಾಸ್ತಿಯೇ ಆಯಿತು ಅನ್ನೋದು ನನ್ನ ಅಭಿಪ್ರಾಯ.

ಅಳತೆಯ ಲೆಕ್ಕ ಹೀಗಿದೆ. 100 ಮಿಲಿ ಲೀಟರ್‌ಗಿಂತ ಕಡಿಮೆ ಹಿಡಿಸಿದರೆ ಮೈಕ್ರೊ, ಅಲ್ಲಿಂದ ಒಂದು ಲೀಟರ್‌ವರೆಗೆ ಸ್ಮಾಲ್, 20 ಲೀಟರ್‌ವರೆಗೆ ರೆಗ್ಯುಲರ್, ಅದಕ್ಕೂ ಮೇಲಿನದು ಲಾರ್ಜ್. ನೀವು ನೋಡಿದ ಬೆರಳ ತುದಿಯದನ್ನು ಎಲ್ಲರೂ ನ್ಯಾನೊ ಅಂತಲೇ ಕರೆಯುತ್ತಾರೆ. ಆದರೆ ಆ ಕ್ಯಾಶ್‌ನ ಪುಟದಲ್ಲಿ ಅಳತೆ ನಮೂದಿಸುವಾಗ ಅದಕ್ಕೂ ಮೈಕ್ರೊ ಎಂದೇ ಹಾಕಬೇಕು.

ಕಾಡುದಾರಿಗೆ ನ್ಯಾನೊ ಬೇಡ ಅಂದಿದ್ದಕ್ಕೆ ಕಾರಣ ಹೇಳುತ್ತೇನೆ. ಮರದ ಕೆಳಗೆ ಫೋನ್ ಐದು ಮೀಟರ್ ತಪ್ಪು ತೋರಿಸುವುದು ಸಾಮಾನ್ಯ. ಸುತ್ತ ಐದು ಮೀಟರ್ ಅಂದರೆ ಹುಡುಕುವ ಜಾಗ ಸುಮಾರು 78 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 840 ಚದರ ಅಡಿ. ಅಷ್ಟು ಜಾಗದ ಜರೀಗಿಡ, ಪಾಚಿ, ಬಿದ್ದ ಮರದ ನಡುವೆ ಒಂದು ಸೆಂಟಿಮೀಟರ್ ಡಬ್ಬಿ ಹುಡುಕಬೇಕು. ಬಂದವರು ಏನು ಮಾಡುತ್ತಾರೆ? ಪಾಚಿ ಎತ್ತುತ್ತಾರೆ, ತೊಗಟೆ ಕೀಳುತ್ತಾರೆ, ಗಿಡ ತುಳಿಯುತ್ತಾರೆ. ಕೆಲವೇ ತಿಂಗಳಲ್ಲಿ ದಾರಿಯಿಂದ ಆ ಜಾಗಕ್ಕೆ ಒಂದು ಹೊಸ ಕಾಲುದಾರಿ ಬಿದ್ದಿರುತ್ತದೆ. ಪಾರ್ಕಿನವರು ಡಬ್ಬಿ ತೆಗೆಸುವುದು ಇಂಥ ಕಾರಣಕ್ಕೇ. ಬ್ರಿಟನ್‌ನಲ್ಲಿ ಗಾರೆ ಇಲ್ಲದ ಕಲ್ಲುಗೋಡೆಗಳಲ್ಲಿ ಕ್ಯಾಶ್ ಇಡಬಾರದು ಅಂತ ನಿಯಮವೇ ಇದೆ. ಪುಟಾಣಿ ಡಬ್ಬಿಗಾಗಿ ಒಂದೊಂದೇ ಕಲ್ಲು ಕಿತ್ತರೆ ಗೋಡೆ ಉಳಿಯುತ್ತದಾ?

ಅನುಭವಿಗಳು ಪಾಲಿಸುವ ಒಂದು ಪದ್ಧತಿ ಇದೆ: ಆ ಜಾಗ ಎಷ್ಟು ದೊಡ್ಡ ಡಬ್ಬಿಯನ್ನು ಮರೆಮಾಡಬಲ್ಲದೋ ಅಷ್ಟು ದೊಡ್ಡದನ್ನೇ ಇಡು. ಕಾಡಿನಲ್ಲಿ ಬಿದ್ದ ಮರದ ಪೊಟರೆ ಅರ್ಧ ಲೀಟರ್ ಡಬ್ಬಿಯನ್ನು ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ನಾಲ್ಕು ಕಡೆ ಚಿಲಕ ಹಾಕುವ, ಒಳಗೆ ಸಿಲಿಕೋನ್ ಪಟ್ಟಿ ಇರುವ ಊಟದ ಡಬ್ಬಿ ತಗೊಳ್ಳಿ. ನಿಮ್ಮ ಮಗಳ ವಯಸ್ಸಿನವರಿಗೆ ಹೆಸರು ಬರೆಯುವುದಕ್ಕಿಂತ ಒಳಗಿನ ಗೋಲಿ, ಸ್ಟಿಕರ್, ಪುಟ್ಟ ಕಾರು ಬದಲಾಯಿಸಿಕೊಳ್ಳುವುದೇ ಖುಷಿ, ಅಲ್ವಾ? ನ್ಯಾನೊದಲ್ಲಿ ಒಂದು ಸಾಸಿವೆ ಕಾಳು ಇಡೋಕೂ ಜಾಗ ಇಲ್ಲ. ತಿಂಡಿ ಮಾತ್ರ ಇಡಬೇಡಿ. ರಕೂನ್‌ಗಳು ಡಬ್ಬಿ ಸಮೇತ ಹೊತ್ತೊಯ್ಯುತ್ತವೆ.

ಈಗ ನಿಮ್ಮ ಮುಖ್ಯ ತಲೆನೋವು, ಒದ್ದೆ ಕಾಗದ. ಮುಚ್ಚಳ ಗಟ್ಟಿಯಾಗಿ ಹಾಕಿದ್ದರೂ ನೀರು ಹೇಗೆ ಹೋಗುತ್ತದೆ ಅಂತ ಬಹಳ ಜನಕ್ಕೆ ಆಶ್ಚರ್ಯ. ಮಳೆ ಹೊಡೆತಕ್ಕೆ ನುಗ್ಗುವುದು ಕಡಿಮೆ. ಡಬ್ಬಿಯೇ ನೀರನ್ನು ಎಳೆದುಕೊಳ್ಳುತ್ತದೆ. ಬಿಸಿಲಿಗೆ 30 ಡಿಗ್ರಿಗೆ ಕಾದ ಡಬ್ಬಿಯೊಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಸಂಜೆ ಮಳೆ ಬಂದು 10 ಡಿಗ್ರಿಗೆ ಇಳಿದಾಗ ಒಳಗಿನ ಒತ್ತಡ ಶೇ 6ರಿಂದ 7ರಷ್ಟು ಕುಸಿಯುತ್ತದೆ. ಮುಚ್ಚಳದ ಸಂದಿಯಲ್ಲಿ ಆಗ ನಿಂತಿರುವುದು ಗಾಳಿಯಲ್ಲ, ಮಳೆನೀರು. ಅದೇ ಒಳಗೆ ಹೋಗುತ್ತದೆ. ಹಗಲು ರಾತ್ರಿ ಇದೇ ನಡೆಯುತ್ತಿದ್ದರೆ ಒಂದೊಂದು ಹನಿಯೇ ಸೇರಿ ಕಾಗದ ಮುದ್ದೆ. ದೊಡ್ಡ ಡಬ್ಬಿಯಲ್ಲಿ ಎರಡು ಹನಿ ಗೊತ್ತೂ ಆಗುವುದಿಲ್ಲ. ನ್ಯಾನೊದಲ್ಲಿ ಎರಡು ಹನಿ ಅಂದರೆ ಪ್ರವಾಹ.

ಹಾಗಾಗಿ ಸಣ್ಣ ಡಬ್ಬಿ ಆರಿಸುವಾಗ ಅಂದಚೆಂದ ನೋಡಬೇಡಿ, ಮುಚ್ಚಳ ನೋಡಿ. ಒಳಗೆ ರಬ್ಬರ್ ರಿಂಗ್ ಇದೆಯಾ? ತಿರುಗಿಸಿ ಮುಚ್ಚಿದಾಗ ಅದು ಒತ್ತುತ್ತದಾ? ಕುಕ್ಕರ್‌ಗೆ ಗ್ಯಾಸ್ಕೆಟ್ ಹೇಗೋ ಇದಕ್ಕೆ ಆ ರಿಂಗ್ ಹಾಗೆ. ಅದು ಸೆಟೆದುಕೊಂಡರೆ ಉಳಿದದ್ದೆಲ್ಲ ವ್ಯರ್ಥ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಡಬ್ಬಿಯೊಳಗೆ ಒಣ ಟಿಶ್ಯೂ ಚೂರು ಹಾಕಿ ಮುಚ್ಚಿ. ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಆಮೇಲೆ ನೇರ ಐಸ್ ನೀರಿಗೆ ಹಾಕಿ, ತೇಲದ ಹಾಗೆ ಮೇಲೊಂದು ಬಟ್ಟಲು ಹೇರಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಟಿಶ್ಯೂ ಒಣಗಿಯೇ ಇದ್ದರೆ ಡಬ್ಬಿ ಪಾಸ್. ಬರೀ ತಣ್ಣೀರಲ್ಲಿ ಮುಳುಗಿಸಿ ನೋಡಿದರೆ ಸಾಲದು. ಆ ಪರೀಕ್ಷೆಯಲ್ಲಿ ಕಳಪೆ ಡಬ್ಬಿಗಳೂ ಪಾಸಾಗುತ್ತವೆ.

ಈ ಪರೀಕ್ಷೆಯಲ್ಲಿ ನನ್ನ ಮಟ್ಟಿಗೆ ಮೊದಲ ರ‍್ಯಾಂಕ್ ಸೋಡಾ ಬಾಟಲಿಯ ಮರಿಗೆ. ಕೂಲ್ ಡ್ರಿಂಕ್ಸ್ ಬಾಟಲಿಗಳನ್ನು ಕಾರ್ಖಾನೆಯಲ್ಲಿ ಊದಿ ದೊಡ್ಡದು ಮಾಡುವ ಮುಂಚೆ ಅವು ದಪ್ಪ ಗೋಡೆಯ ಸಣ್ಣ ಕೊಳವೆಗಳಾಗಿರುತ್ತವೆ. ಕುತ್ತಿಗೆ, ತಿರುಪು ಎಲ್ಲ ಬಾಟಲಿಯದ್ದೇ. ಮುಚ್ಚಳವೂ ಅದೇ. ಇವಕ್ಕೆ ಪ್ರಿಫಾರ್ಮ್ ಅನ್ನುತ್ತಾರೆ, ಯುರೋಪಿನ ಆಟಗಾರರು ಪೆಟ್ಲಿಂಗ್ ಅನ್ನುತ್ತಾರೆ. ಶಾಲೆಗಳಿಗೆ ವಿಜ್ಞಾನ ಸಾಮಾನು ಮಾರುವವರಲ್ಲಿ ಸಿಗುತ್ತವೆ. ಗ್ಯಾಸ್ ತುಂಬಿದ ಸೋಡಾದ ಒತ್ತಡ ತಡೆಯಲು ಮಾಡಿದ ಮುಚ್ಚಳಕ್ಕೆ ಮಳೆಗಾಲದ ಏರಿಳಿತ ಲೆಕ್ಕಕ್ಕೇ ಇಲ್ಲ. ಬೆಲೆಯೂ ಕಡಿಮೆ. ಮುಚ್ಚಳ ಕಳೆದರೆ ಅಳತೆ ಹೊಂದುವ ಯಾವ ಸೋಡಾ ಬಾಟಲಿಯದ್ದಾದರೂ ನಡೆಯುತ್ತದೆ. ಒಳಗೆ ತುಂಡು ಪೆನ್ಸಿಲ್ ಕೂಡ ಇಡಬಹುದು. ಪಾರದರ್ಶಕ ಆಗಿರುವುದರಿಂದ ನೋಡಿದವರಿಗೆ ಒಳಗೆ ಬರೀ ಕಾಗದ ಅಂತ ಕಾಣುತ್ತದೆ. ಈ ಗುಣ ಎಷ್ಟು ಮುಖ್ಯ ಅಂತ ಮುಂದೆ ಹೇಳುತ್ತೇನೆ. ಒಂದೇ ಕೊರತೆ, ಹೆಬ್ಬೆರಳಿಗಿಂತ ಉದ್ದ ಇರುತ್ತದೆ, ಎಲ್ಲ ಕಡೆ ಅಡಗುವುದಿಲ್ಲ.

ಎರಡನೆಯದು ಬೈಸನ್ ಟ್ಯೂಬ್. ಕೀ ಬಂಚಿಗೆ ಹಾಕಿಕೊಳ್ಳುವ, ಮಾತ್ರೆ ಇಡುವ ಅಲ್ಯೂಮಿನಿಯಂ ಕೊಳವೆ. ರಬ್ಬರ್ ರಿಂಗ್ ಇರುತ್ತದೆ, ಕೊಂಡಿಯೂ ಇರುತ್ತದೆ. ಚೆನ್ನಾಗಿ ನೋಡಿಕೊಂಡರೆ ಬಹಳ ಕಾಲ ಬಾಳುತ್ತದೆ. ನೋಡಿಕೊಳ್ಳುವುದು ಅಂದರೆ, ನಲ್ಲಿ ರಿಪೇರಿಗೆ ಬಳಸುವ ಸಿಲಿಕೋನ್ ಗ್ರೀಸನ್ನು ರಿಂಗಿಗೆ ತೆಳ್ಳಗೆ ಸವರುವುದು. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬಿ ಹಾಳಾಗುತ್ತದೆ. ಮರಳಿರುವ ಕಡೆ ಈ ಟ್ಯೂಬ್ ಇಡಬೇಡಿ. ತಿರುಪಿನಲ್ಲಿ ಮರಳು ಸೇರಿದರೆ ಕಚ್ಚಿಕೊಂಡು ಬಿಚ್ಚಲು ಬರುವುದೇ ಇಲ್ಲ. ಇನ್ನೊಂದು ವಿಷಯ. ಕೊಂಡಿ ಇರುವುದು ಮುಚ್ಚಳಕ್ಕೆ. ತೂಗುಹಾಕಿದಾಗ ಮುಚ್ಚಳ ಮೇಲೆ, ಕೊಳವೆ ಕೆಳಗೆ. ಕೊನೆಯವರು ಅರೆಬರೆ ತಿರುಗಿಸಿ ಹೋದರೆ ಕೊಳವೆ ಕಾಗದ ಸಮೇತ ಕಳಚಿ ಬೀಳುತ್ತದೆ. ಮುಂದಿನವರಿಗೆ ಸಿಗುವುದು ತಂತಿಯಲ್ಲಿ ನೇತಾಡುವ ಬರೀ ಮುಚ್ಚಳ.

ಫಿಲ್ಮ್ ಡಬ್ಬಿಯನ್ನು ನಮ್ಮಲ್ಲಿ ಯಾರು ಮರೆಯುತ್ತಾರೆ? ಕ್ಯಾಮೆರಾ ರೋಲ್ ಮುಗಿದ ಮೇಲೆ ಅದರಲ್ಲಿ ಕುಂಕುಮ, ಏಲಕ್ಕಿ, ಗುಂಡುಪಿನ್ನು ಇಟ್ಟುಕೊಂಡ ಮನೆಗಳೇ ಎಲ್ಲ. ಈ ಆಟದಲ್ಲೂ ಬಹಳ ವರ್ಷ ಅದರದ್ದೇ ರಾಜ್ಯಭಾರ. ಪುಕ್ಕಟೆ ಸಿಗುತ್ತಿತ್ತಲ್ಲ! ಆದರೆ ಅದು ಹೊರಗಿನ ಮಳೆಗೆ ಮಾಡಿದ್ದಲ್ಲ. ಒತ್ತಿ ಹಾಕುವ ಮುಚ್ಚಳದ ಅಂಚಿಗೆ ಒಂದು ಕಸ ಸಿಕ್ಕಿದರೂ ಸಾಕು, ನೀರು ಒಳಗೆ. ಕಪ್ಪು ಡಬ್ಬಿ, ಹೊರಗಿನಿಂದ ಕೂರುವ ಬೂದು ಮುಚ್ಚಳಕ್ಕಿಂತ ಬಿಳಿ ಡಬ್ಬಿ, ಒಳಗೆ ಕೂರುವ ಮುಚ್ಚಳ ವಾಸಿ. ಅಮೆರಿಕದ ಪಾರ್ಕಿಂಗ್ ಜಾಗಗಳಲ್ಲಿ ದೀಪದ ಕಂಬದ ಬುಡಕ್ಕೆ ಒಂದು ತಗಡಿನ ಹೊದಿಕೆ ಇರುತ್ತದೆ, ಎತ್ತಿದರೆ ಮೇಲೆ ಬರುತ್ತದೆ. ಅದರ ಕೆಳಗೆ ಫಿಲ್ಮ್ ಡಬ್ಬಿ ನೀವು ಖಂಡಿತ ನೋಡಿರುತ್ತೀರಿ. ಅಲ್ಲಿ ಅದು ಬಾಳುವುದು ತಲೆ ಮೇಲೆ ಸೂರು ಇರುವುದಕ್ಕೆ. ಅದನ್ನೇ ಬೇಲಿ ಮೇಲೆ ಇಟ್ಟರೆ ಒಂದು ಮಳೆಗಾಲ ದಾಟುವುದಿಲ್ಲ. ಅಂದಹಾಗೆ ಆ ಕಂಬ ಯಾವುದೋ ಅಂಗಡಿಯವರ ಸ್ವತ್ತು, ಅವರ ಒಪ್ಪಿಗೆ ಬೇಕು. ಒಳಗೆ ವಿದ್ಯುತ್ ತಂತಿಯೂ ಇರುತ್ತದೆ. ಮಕ್ಕಳ ಕೈಯಲ್ಲಿ ಅದನ್ನು ಎತ್ತಿಸಬೇಡಿ.

ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಟೆಸ್ಟ್ ಸ್ಟ್ರಿಪ್ ಡಬ್ಬಿಗಳು ರಾಶಿ ಬಿದ್ದಿರುತ್ತವೆ. ಸ್ಟ್ರಿಪ್‌ಗೆ ತೇವ ತಾಗಬಾರದು ಅಂತ ಮಾಡಿದ್ದರಿಂದ ಮುಚ್ಚಳ ಗಟ್ಟಿ. ಫಿಲ್ಮ್ ಡಬ್ಬಿಗಿಂತ ಎಷ್ಟೋ ಮೇಲು. ನೇರ ಬಿಸಿಲು ಬೀಳುವ ಕಡೆ ಬೇಡ, ಮುಚ್ಚಳದ ಬಿಜಾಗರಿ ಸೀಳುತ್ತದೆ. ಔಷಧಿ ಅಂಗಡಿಯ ಕಿತ್ತಳೆ ಬಣ್ಣದ ಮಾತ್ರೆ ಬಾಟಲಿ ಬೇಡವೇ ಬೇಡ. ಮಕ್ಕಳಿಗೆ ತೆಗೆಯೋಕೆ ಬರಬಾರದು ಅನ್ನುವುದಷ್ಟೇ ಆ ಮುಚ್ಚಳದ ಉದ್ದೇಶ, ನೀರು ತಡೆಯುವುದಲ್ಲ. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ. ಕಾರಿನ ಕೀ ಅಡಗಿಸುವ, ಜಾರಿಸಿ ತೆಗೆಯುವ ಆಯಸ್ಕಾಂತದ ಡಬ್ಬಿ ಸೋರುತ್ತದೆ.

ಇನ್ನು ನ್ಯಾನೊ. ಬೈಯ್ಯುತ್ತಲೇ ಬಂದಿದ್ದೇನೆ, ಆದರೂ ಅದಕ್ಕೊಂದು ಜಾಗ ಇದೆ. ಪೇಟೆ ನಡುವಿನ ಉಕ್ಕಿನ ಬೆಂಚು, ಫಲಕದ ಹಿಂಬದಿ, ಮೆಟ್ಟಿಲ ಕಂಬಿ, ಇಂಥ ಕಡೆ ಬೇರೆ ಏನಿಟ್ಟರೂ ಕಾಣುತ್ತದೆ. ಕೈ ತಡವಿದರೆ ಸಿಗುತ್ತದೆ, ಏನನ್ನೂ ಕೀಳಬೇಕಿಲ್ಲ. ಅಲ್ಲಿ ನ್ಯಾನೊ ಸರಿ. ಅದರ ಕಷ್ಟ ಒಳಗಿನ ಕಾಗದದ್ದು. ಒಂದು ಸೆಂಟಿಮೀಟರ್ ಅಗಲವೂ ಇಲ್ಲದ ಪಟ್ಟಿಯನ್ನು ಸುರುಳಿ ಸುತ್ತಿ ತುರುಕಿರುತ್ತಾರೆ. ತೆಗೆಯಲು ಚಿಮಟ ಬೇಕು. ಬರೆಯಲು ಜಾಗವಿಲ್ಲ, ಇನಿಶಿಯಲ್ಸ್ ಮತ್ತು ತಾರೀಕು ಅಷ್ಟೇ. ವಾಪಸ್ ಸುತ್ತುವಾಗ ಸಡಿಲವಾದರೆ ಒಳಗೆ ಹೋಗುವುದಿಲ್ಲ. ಆಗ ಜನ ಒತ್ತಿ ತಿರುಗಿಸುತ್ತಾರೆ, ಕಾಗದದ ಅಂಚು ತಿರುಪಿಗೆ ಸಿಕ್ಕಿಕೊಳ್ಳುತ್ತದೆ. ನೀರಿಗೆ ಅದೇ ಬತ್ತಿ! ಹೊರಗಿನ ತೇವವನ್ನೆಲ್ಲ ಒಳಗೆ ಎಳೆಯುತ್ತದೆ. ಇದಕ್ಕೆ ಮದ್ದು ಅಂದರೆ ಡಬ್ಬಿಯ ಒಳ ಎತ್ತರಕ್ಕಿಂತ ಎರಡು ಮಿಲಿಮೀಟರ್ ಗಿಡ್ಡವಾಗಿ ಪಟ್ಟಿ ಕತ್ತರಿಸುವುದು. ಉದ್ದವನ್ನೂ ದುರಾಸೆ ಮಾಡಬೇಡಿ. ಬೇಗ ತುಂಬುತ್ತದೆ, ಬದಲಾಯಿಸಲು ನೀವು ಆಗಾಗ ಹೋಗಬೇಕಾಗುತ್ತದೆ. ಹೋಗಲು ಆಗುವುದಿಲ್ಲ ಅಂದರೆ ನ್ಯಾನೊ ಇಡಬೇಡಿ.

ಕಾಗದದ ವಿಷಯದಲ್ಲಿ ನಿಮ್ಮ ಊರಿನವರು ಪುಣ್ಯವಂತರು. ಮಳೆಯಲ್ಲೂ ಬರೆಯಬಹುದಾದ ‘ರೈಟ್ ಇನ್ ದ ರೇನ್’ ಕಾಗದ ನಿಮ್ಮ ಪಕ್ಕದ ಟಕೋಮಾದ್ದು. ಅಲ್ಲಿನ ಮರ ಕಡಿಯುವವರು ಮಳೆಯಲ್ಲಿ ಲೆಕ್ಕ ಬರೆದುಕೊಳ್ಳಲು ಅಂತ ನೂರು ವರ್ಷದ ಹಿಂದೆ ಶುರುವಾದದ್ದು. ಪೆನ್ಸಿಲ್‌ನಲ್ಲಿ ಬರೆದರೆ ಒದ್ದೆಯಾದರೂ ಅಕ್ಷರ ಅಳಿಸುವುದಿಲ್ಲ. ಜೆಲ್ ಪೆನ್ ಮಾತ್ರ ಇದರ ಮೇಲೆ ಹರಡುತ್ತದೆ. ಇನ್ನೊಂದು ದಾರಿ ಟೈವೆಕ್, ಕೊರಿಯರ್ ಲಕೋಟೆಗಳಲ್ಲಿ ಬರುವ ಹರಿಯದ ಬಿಳಿ ಹಾಳೆ. ಅದು ಪ್ಲಾಸ್ಟಿಕ್ ಎಳೆಗಳಿಂದ ಮಾಡಿದ್ದು, ನೀರು ಕುಡಿಯುವುದೇ ಇಲ್ಲ, ಬಾಲ್ ಪೆನ್ನಿಗೆ ಒಗ್ಗುತ್ತದೆ. ನಿಮಗೆ ಬಂದ ಹಳೇ ಲಕೋಟೆ ಕತ್ತರಿಸಿಕೊಳ್ಳಿ. ಅಂಚೆ ಕಚೇರಿಯಲ್ಲಿ ಪುಕ್ಕಟೆ ಇಟ್ಟಿರುವ ಹೊಸದನ್ನು ತಂದು ಕತ್ತರಿಸಬೇಡಿ, ಅದು ಅಂಚೆಯ ಆಸ್ತಿ. ಮೈಕ್ರೊದೊಳಗೆ ಪುಟಾಣಿ ಜಿಪ್ ಕವರ್ ಹಾಕುವ ಅಭ್ಯಾಸ ನನಗೆ ಇಷ್ಟವಿಲ್ಲ. ನಾಲ್ಕು ಜನ ತೆಗೆಯುವುದರಲ್ಲಿ ಹರಿದು, ಆಮೇಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಲಿಕಾ ಪೊಟ್ಟಣವೂ ಅಷ್ಟೇ. ಬೇಗ ತೇವ ಹೀರಿ ಸುಮ್ನೆ ಜಾಗ ತಿನ್ನುತ್ತದೆ.

ಈಗ ನಿಮ್ಮ ರೇಲಿಂಗ್. ಹೋಗುವಾಗ ಫ್ರಿಜ್ ಮೇಲಿನ ಒಂದು ಆಯಸ್ಕಾಂತ ಜೇಬಿಗೆ ಹಾಕಿಕೊಳ್ಳಿ. ಕೆರೆ ಅಂಚಿನ ರೇಲಿಂಗ್‌ಗಳು ಎಷ್ಟೋ ಸಲ ಅಲ್ಯೂಮಿನಿಯಂ, ಇಲ್ಲವೇ ಆಯಸ್ಕಾಂತ ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್. ನ್ಯಾನೊ ತರಿಸಿದ ಮೇಲೆ ಇದು ಗೊತ್ತಾದರೆ ಪ್ರಯೋಜನವಿಲ್ಲ. ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ಚಳಿಗೆ ಮರಗಟ್ಟಿದ ಬೆರಳಲ್ಲಿ ನ್ಯಾನೊ ಬಿಚ್ಚುವಾಗ ಜಾರಿದರೆ? ನೇರ ಕೆರೆಗೆ. ನಾನಾಗಿದ್ದರೆ ದಾರಿಯ ಕಡೆಗಿರುವ ಕಂಬದ ಬುಡದಲ್ಲಿ, ಕೆಳಗಿನ ಕಂಬಿಯ ಒಳಮೈಗೆ, ಬೈಸನ್ ಟ್ಯೂಬನ್ನು ಸ್ಟೀಲ್ ತಂತಿಯಲ್ಲಿ ಕಟ್ಟುತ್ತೇನೆ. ಕೈಯಿಂದ ಜಾರಿದರೂ ನೆಲದ ಮೇಲೆ ಬೀಳುತ್ತದೆ. ಬಣ್ಣ ಕೆರೆಯುವುದು, ರಂಧ್ರ ಕೊರೆಯುವುದು, ಮರಕ್ಕೆ ಮೊಳೆ ಹೊಡೆಯುವುದು, ಇವಕ್ಕೆಲ್ಲ ಅನುಮತಿ ಇಲ್ಲ. ಪಾರ್ಕ್ ಯಾರದ್ದು ಅಂತ ಮೊದಲು ವಿಚಾರಿಸಿ ಅವರ ಒಪ್ಪಿಗೆ ತಗೊಳ್ಳಿ. ಬೇರೆ ಕ್ಯಾಶ್‌ನಿಂದ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೇ ಒಂದು ಭಾಗ, ದೂರ ಇರಬೇಕು. ಕಾಡುದಾರಿಯದ್ದೂ ರೇಲಿಂಗ್‌ನದ್ದೂ ಒಂದೇ ಪಾರ್ಕಿನಲ್ಲಿದ್ದರೆ ಇದನ್ನು ಅಳೆದು ನೋಡಿ.

ಪಾರದರ್ಶಕ ಡಬ್ಬಿ ಮುಖ್ಯ ಅಂದೆನಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಒಂದು ಕೆಫೆ ಎದುರು ಇಟ್ಟಿದ್ದ ಪುಟ್ಟ ಕ್ಯಾಶ್ ಡಬ್ಬಿಯನ್ನು ಬಾಂಬ್ ಅಂತ ಅನುಮಾನಿಸಿ, ಬಾಂಬ್ ನಿಷ್ಕ್ರಿಯ ದಳದವರು ಬಂದು ಸ್ಫೋಟಿಸಿದರು. ಎರಡೂ ಕಡೆ ಮುಚ್ಚಿದ ಪೈಪಿನಂಥದ್ದು, ಕಪ್ಪು ಟೇಪ್ ಸುತ್ತಿದ್ದು, ತಂತಿ ಇಣುಕುವಂಥದ್ದು ಯಾವುದನ್ನೂ ಇಡಬೇಡಿ. ಜಾಗ ಇದ್ದಷ್ಟೂ ‘ಜಿಯೋಕ್ಯಾಶ್’ ಅಂತ ಹೊರಗೆ ಬರೆಯಿರಿ. ಯಾರೋ ಪೊದೆಯಲ್ಲಿ ಕೈಯಾಡಿಸಿ ಸುತ್ತಮುತ್ತ ನೋಡುವ ರೀತಿಯೇ ಅನುಮಾನ ಹುಟ್ಟಿಸುತ್ತದೆ. ಹಾಗಾಗಿ ಶಾಲೆ, ರೈಲು ನಿಲ್ದಾಣ, ಯಾರದೋ ಮನೆ ಕಿಟಕಿ ಎದುರು ಬೇಡ.

ಸ್ಥಾನ ಗುರುತಿಸುವಾಗ ಫೋನನ್ನು ಅಲ್ಲೇ ಕೆಲವು ನಿಮಿಷ ಬಿಟ್ಟು ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಇನ್ನೊಂದು ದಿನ ಹೋಗಿ ಮತ್ತೆ ತೆಗೆದು ಎರಡರ ಸರಾಸರಿ ಹಾಕಿ. ಅಕ್ಷಾಂಶದಲ್ಲಿ ಮಿನಿಟಿನ ಮೂರನೇ ದಶಮಾಂಶ ಒಂದು ಅಂಕೆ ಬದಲಾದರೆ ಉತ್ತರ ದಕ್ಷಿಣದಲ್ಲಿ 1.85 ಮೀಟರ್ ಸರಿಯುತ್ತದೆ. ಡಬ್ಬಿ ಸಣ್ಣದಾದಷ್ಟೂ ಈ ಅಂಕೆ ದುಬಾರಿ. ಸುಳಿವು ಕೊಡಲು ಜಿಪುಣತನ ಬೇಡ. ‘ಕೆಳಗಿನ ಕಂಬಿ, ಒಳಗಡೆ’ ಅಂತ ಬರೆದರೆ ಆಟ ಕೆಡುವುದಿಲ್ಲ, ಪಕ್ಕದ ಗಿಡ ಉಳಿಯುತ್ತದೆ.

ಮೈಸೂರಿಗೆ ಬರೋಣ. ರಜೆಗೆ ಹೋದಾಗ ಒಂದು ಇಟ್ಟು ಸಿಯಾಟಲ್‌ಗೆ ವಾಪಸಾಗುವುದಾದರೆ ಅದು ಪ್ರಕಟವಾಗುವುದೇ ಅನುಮಾನ. ಹೊಸ ಕ್ಯಾಶ್ ಪ್ರಕಟವಾಗುವ ಮುಂಚೆ ಪರಿಶೀಲನೆ ಮಾಡುವ ಸ್ವಯಂಸೇವಕರು ಮೊದಲು ಕೇಳುವುದೇ, ಇದನ್ನು ನೋಡಿಕೊಳ್ಳುವವರು ಯಾರು ಅಂತ. ಮುಂಗಾರು ಶುರುವಾದ ಮೇಲೆ ಕಾಗದ ಬದಲಾಯಿಸಲು ಇಲ್ಲಿಂದ ಹೋಗಲು ಆಗುತ್ತದಾ? ಅಲ್ಲೇ ಇರುವ ನಿಮ್ಮ ತಮ್ಮನೋ ಭಾವನೋ ಆಟದಲ್ಲಿ ಖಾತೆ ತೆರೆದು, ಜವಾಬ್ದಾರಿ ಹೊತ್ತುಕೊಳ್ಳುವುದಾದರೆ ಮಾತು ಬೇರೆ. ಆಗಲೂ ಶ್ರೀರಂಗಪಟ್ಟಣದ ಕೋಟೆಗೋಡೆ, ಹಳೇ ದೇವಸ್ಥಾನದ ಕಲ್ಲುಸಂದಿ ಬೇಡ. ಅವು ಸಂರಕ್ಷಿತ ಸ್ಮಾರಕಗಳು. ‘ಒಂದು ಸಣ್ಣ ಡಬ್ಬಿ ತಾನೇ’ ಅಂತ ಇಟ್ಟವರಿಗೆ ಅನ್ನಿಸಬಹುದು, ಹುಡುಕಲು ಬಂದವರು ಎಷ್ಟು ಕಲ್ಲು ಅಲುಗಿಸುತ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಜನಜಂಗುಳಿಯ ಕಡೆ ವಾರಸುದಾರರಿಲ್ಲದ ವಸ್ತು ಕಂಡರೆ ಪೊಲೀಸರಿಗೆ ತಿಳಿಸಿ ಅಂತ ನಮ್ಮೂರಲ್ಲಿ ಮೈಕಿನಲ್ಲಿ ಹೇಳುತ್ತಲೇ ಇರುತ್ತಾರೆ. ಜನ ತಿಳಿಸುತ್ತಾರೆ ಕೂಡ. ನೋಡಿಕೊಳ್ಳುವವರ ಮನೆಯ ಕಾಂಪೌಂಡಿನ ಒಳಗೋ, ಪರಿಚಯದವರ ಅಂಗಡಿ ಮುಂದೋ, ಅವರ ಒಪ್ಪಿಗೆಯಿಂದ ಇಟ್ಟರೆ ತಂಟೆ ಇಲ್ಲ.

ಅದಕ್ಕಿಂತ ಹೊರಡುವ ಮೊದಲು ಆ್ಯಪ್ ತೆರೆದು ನೀವು ಹೋಗುವ ದಾರಿಯಲ್ಲಿ ಯಾವ ಕ್ಯಾಶ್‌ಗಳಿವೆ ಅಂತ ನೋಡಿ. ಕರ್ನಾಟಕದಲ್ಲಿ ಸಿಯಾಟಲ್‌ನಷ್ಟು ದಟ್ಟವಾಗಿ ಇಲ್ಲ, ಹಾಗಾಗಿ ಪ್ರಯಾಣಕ್ಕೆ ತಕ್ಕಂತೆ ಮೊದಲೇ ಆರಿಸಿಕೊಳ್ಳಿ. ಹೋಗುವಾಗ ಕತ್ತರಿಸಿದ ಟೈವೆಕ್ ಪಟ್ಟಿಗಳು, ಒಂದು ಚಿಮಟ, ಒಂದು ಬಾಲ್ ಪೆನ್ ಜೊತೆಗಿರಲಿ. ಕಾಗದ ಮುದ್ದೆಯಾಗಿರುವುದು ಸಿಕ್ಕರೆ ಡಬ್ಬಿ ಒರೆಸಿ, ಒಂದು ಪಟ್ಟಿ ಸೇರಿಸಿ, ಹಳೆಯದರ ಫೋಟೊ ತೆಗೆದು ಇಟ್ಟವರಿಗೆ ಸಂದೇಶ ಕಳಿಸಿ. ಹಳೆಯದನ್ನು ಎಸೆಯಬೇಡಿ, ಅದರಲ್ಲಿರುವ ಹೆಸರುಗಳು ಅವರಿಗೆ ಬೇಕಾಗುತ್ತವೆ.